ರಜೆಯಲ್ಲಿ ಜ್ವಾಲಾಮುಖಿ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಜ್ವಾಲಾಮುಖಿಗಳ ಹುಚ್ಚು ಎಂದು ತಿಳಿದವರು ರಜೆಗೆ ಹೊರಡುವ ಮುಂಚೆ ಒಂದಲ್ಲ ಒಂದು ಪ್ರಶ್ನೆ ಹಿಡಿದು ಬರುತ್ತಾರೆ. ಕೆಲವರು ಮಾತಿನ ನಡುವೆ ಕೇಳುತ್ತಾರೆ, ಕೆಲವರು ಪತ್ರ ಬರೆಯುತ್ತಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಉಳಿಸಿಕೊಂಡು ಉತ್ತರಿಸಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ.

## ಮೊದಲ ಸಲ ಹೊರಟವರಿಗೆ

ಹೋದ್ರೆ ಕೆಂಪಗೆ ಹರಿಯೋ ಲಾವಾ ಕಣ್ಣಾರೆ ಕಾಣುತ್ತಾ?

ಬಹುತೇಕ ಸಲ ಕಾಣುವುದಿಲ್ಲ. ಹೆಚ್ಚಿನ ಕಡೆ ನಿಮಗೆ ಸಿಗುವುದು ದೊಡ್ಡದೊಂದು ಕುಳಿ, ಅದರ ಗೋಡೆಯ ಬಿರುಕುಗಳಿಂದ ಏಳುವ ಹಬೆ, ಬಂಡೆಗಂಟಿದ ಗಂಧಕದ ಹಳದಿ ಹರಳು, ಕಾಲಡಿಯಲ್ಲಿ ಕರಕರ ಎನ್ನುವ ಕಪ್ಪು ಕಲ್ಲುಪುಡಿ. ಇಟಲಿಯ ವೆಸೂವಿಯಸ್ ಕೊನೆಯ ಬಾರಿ ಉಗುಳಿದ್ದು 1944ರಲ್ಲಿ. ಇಂದು ಅದರ ಅಂಚಿನಲ್ಲಿ ನಿಂತವರಿಗೆ ಒಂದೆರಡು ಕಡೆ ತೆಳ್ಳಗೆ ಹೊಗೆಯಾಡುವುದು ಬಿಟ್ಟರೆ ಬೇರೇನೂ ಕಾಣದು.

ಕೆಂಪು ಕಾಣಲೇಬೇಕು ಎನ್ನುವವರಿಗೆ ಆಯ್ಕೆಗಳು ಕಡಿಮೆ. ಇಟಲಿಯ ಸ್ಟ್ರಾಂಬೋಲಿ ದ್ವೀಪದ ಬೆಟ್ಟ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಹೆಚ್ಚುಕಡಿಮೆ ಎಡೆಬಿಡದೆ ಸಿಡಿಯುತ್ತಿದೆ. ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಕಿಡಿಯ ಕಾರಂಜಿ ಏಳುತ್ತದೆ, ರಾತ್ರಿ ಸಮುದ್ರದಿಂದಲೂ ಕಾಣುತ್ತದೆ. ಪೆಸಿಫಿಕ್ ದ್ವೀಪದೇಶ ವನವಾಟುವಿನ ಯಾಸುರ್ ಬೆಟ್ಟದ ಬೆಳಕನ್ನು ಕ್ಯಾಪ್ಟನ್ ಕುಕ್ 1774ರಲ್ಲೇ ಹಡಗಿನಿಂದ ಕಂಡಿದ್ದ. ಗ್ವಾಟೆಮಾಲಾದ ಫ್ಯೂಗೋ ಸಿಡಿಯುವುದನ್ನು ಪಕ್ಕದ ಅಕಾಟೆನಾಂಗೋ ಬೆಟ್ಟದ ಮೇಲೆ ರಾತ್ರಿ ಉಳಿದು ನೋಡುತ್ತಾರೆ. ಹವಾಯಿಯ ಕಿಲಾವೆಯಾದಲ್ಲಿ 2024ರ ಡಿಸೆಂಬರ್ 23ರಿಂದ ಶುರುವಾದ ಲಾವಾ ಕಾರಂಜಿ ಕಂತುಕಂತಾಗಿ ಬರುತ್ತಿತ್ತು: ಕೆಲವು ಗಂಟೆ ಉಕ್ಕುವುದು, ಆಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸುಮ್ಮನಿರುವುದು. ಇಂಥ ಜಾಗಗಳಿಗೂ ಮೋಡ ಕವಿಯುತ್ತದೆ, ಅವೂ ಒಮ್ಮೊಮ್ಮೆ ತಣ್ಣಗಾಗುತ್ತವೆ.

ಸಕ್ರಿಯ, ಸುಪ್ತ, ಸತ್ತ ಜ್ವಾಲಾಮುಖಿ ಅಂತ ಶಾಲೇಲಿ ಓದಿದ್ವಿ. ಸುಪ್ತವಾದದ್ದಕ್ಕೆ ಹೋದ್ರೆ ಭಯ ಇಲ್ಲ ತಾನೆ?

ಆ ಮೂರು ಪೆಟ್ಟಿಗೆಗಳು ಪಾಠಕ್ಕೆ ಚೆನ್ನ, ಪ್ರವಾಸಕ್ಕೆ ಸಾಲವು. ಜಪಾನಿನ ಫ್ಯೂಜಿ 1707ರ ನಂತರ ಸ್ಫೋಟಿಸಿಲ್ಲ, ಆದರೂ ಅಲ್ಲಿನವರು ಅದನ್ನು ಸಕ್ರಿಯವೆಂದೇ ಎಣಿಸಿ ಕಾವಲು ಇಟ್ಟಿದ್ದಾರೆ. ಬೆಟ್ಟದ ಆಯಸ್ಸಿನ ಲೆಕ್ಕದಲ್ಲಿ ಮುನ್ನೂರು ವರ್ಷ ಒಂದು ನಿದ್ದೆಯೂ ಆಗದು.

ಅದಕ್ಕಿಂತ ಉಪಯೋಗದ ಪ್ರಶ್ನೆ ಎಂದರೆ, ಇದು ಹೇಗೆ ಸ್ಫೋಟಿಸುವ ಜಾತಿ? ಹವಾಯಿ, ಐಸ್‌ಲ್ಯಾಂಡ್‌ಗಳ ಶಿಲಾಪಾಕ (ನೆಲದೊಳಗಿನ ಕರಗಿದ ಕಲ್ಲು) ತೆಳುವಾಗಿರುವುದರಿಂದ ಒಳಗಿನ ಅನಿಲ ಸುಲಭವಾಗಿ ಬಿಟ್ಟುಹೋಗುತ್ತದೆ, ಲಾವಾ ಹೆಚ್ಚಾಗಿ ಹರಿಯುತ್ತದೆ. ಇಂಡೋನೇಷ್ಯಾ, ಜಪಾನ್, ಮಧ್ಯ ಅಮೆರಿಕದ ಬಹುಪಾಲು ಬೆಟ್ಟಗಳಲ್ಲಿ ಅದು ಅಂಟು ಪಾಕ. ಅನಿಲ ಒಳಗೇ ಸಿಕ್ಕಿಕೊಂಡು ಒತ್ತಡ ಏರಿ ಏರಿ ಕೊನೆಗೆ ಬೆಟ್ಟವನ್ನೇ ಸಿಡಿಸುತ್ತದೆ. ಮೊದಲನೆಯದರ ಮುಂದೆ ಸಾಮಾನ್ಯವಾಗಿ ನಡೆದು ಪಾರಾಗಬಹುದು. ಎರಡನೆಯದು ಕಾರಿಗೂ ಕಾಲಾವಕಾಶ ಕೊಡುವುದಿಲ್ಲ.

ಬೆಟ್ಟ ಹತ್ತೋ ಅಭ್ಯಾಸ ಇಲ್ಲ. ಮೊದಲ ಸಲಕ್ಕೆ ಯಾವುದು ಒಳ್ಳೇದು?

ಮೊಣಕಾಲು ಹೇಗಿದೆ ಎಂಬುದರ ಮೇಲೆ ಹೋಗುತ್ತದೆ. ಸ್ಪೇನಿನ ಟೆನೆರಿಫೆ ದ್ವೀಪದ ಟೈಡೆ ಬೆಟ್ಟದ ಎತ್ತರ 3,715 ಮೀಟರ್. ಕೇಬಲ್ ಕಾರ್ 3,555 ಮೀಟರ್‌ವರೆಗೆ ಒಯ್ಯುತ್ತದೆ, ಅಲ್ಲಿಂದ ತುದಿಗೆ ಹೋಗಲು ಮುಂಗಡವಾಗಿ ಪರವಾನಗಿ ಪಡೆಯಬೇಕು. ಕಿಲಾವೆಯಾದ ರಾಷ್ಟ್ರೀಯ ಉದ್ಯಾನದಲ್ಲಿ ಕುಳಿಯನ್ನು ಕಾರಿಳಿದು ಸ್ವಲ್ಪ ನಡೆದರೆ ನೋಡಬಹುದು. ಜಾವಾದ ಬ್ರೋಮೋದಲ್ಲಿ ಬೂದಿ ಮರಳಿನ ಬಯಲು ದಾಟಿ ಮೆಟ್ಟಿಲು ಹತ್ತಿದರೆ ಹಬೆ ಉಗುಳುವ ಬಾಯಿ.

ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ವೆಸೂವಿಯಸ್. ಬರೀ 1,281 ಮೀಟರ್ ಎತ್ತರ, ಕೊನೆಯ ಸ್ವಲ್ಪ ಮಾತ್ರ ನಡಿಗೆ. ಬೆಳಿಗ್ಗೆ ಬೆಟ್ಟ ಹತ್ತಿ, ಮಧ್ಯಾಹ್ನ ಕ್ರಿ.ಶ. 79ರಲ್ಲಿ ಅದು ಹೂತುಹಾಕಿದ ಪಾಂಪೇಯ ಬೀದಿಗಳಲ್ಲಿ ಓಡಾಡಿ. ಕುಳಿ ನೋಡಿದಾಗ ಅರ್ಥವಾಗದ್ದು ಪಾಂಪೇಯ ಒಂದು ಮನೆಯ ಹೊಸ್ತಿಲಲ್ಲಿ ನಿಂತು ತಲೆಯೆತ್ತಿ ಅದೇ ಬೆಟ್ಟವನ್ನು ನೋಡಿದಾಗ ಅರ್ಥವಾಗುತ್ತದೆ. ನನಗೆ ಹಾಗೇ ಆಯಿತು.

ಇನ್ನೊಂದು ಬೇರೆಯೇ ಬಗೆಯದು ಐಸ್‌ಲ್ಯಾಂಡಿನ ಥ್ರೀಹ್ನೂಕಾಗೀಗುರ್. ನಾಲ್ಕು ಸಾವಿರ ವರ್ಷಗಳಿಂದ ತಣ್ಣಗಿರುವ ಜ್ವಾಲಾಮುಖಿ. ಅದರ ಬಾಯಿಯಿಂದ ತೂಗುತೊಟ್ಟಿಲಿನಲ್ಲಿ ಸುಮಾರು 120 ಮೀಟರ್ ಕೆಳಗಿಳಿಸಿ, ಹಿಂದೊಮ್ಮೆ ಶಿಲಾಪಾಕ ತುಂಬಿದ್ದ ಹೊಟ್ಟೆಯೊಳಗೇ ನಿಲ್ಲಿಸುತ್ತಾರೆ.

ಒಂದು ವಾರದ ಟ್ರಿಪ್‌ನಲ್ಲಿ ಇದಕ್ಕೆ ಎಷ್ಟು ದಿನ ಇಡ್ಬೇಕು?

ನೋಡಲು ಅರ್ಧ ದಿನ ಸಾಕು. ಆದರೂ ಎರಡು ದಿನ ಇಡಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನೇ ಓದಿ ಎನ್ನುತ್ತೇನೆ.

ರಜೆಯಲ್ಲಿ ಬಂದವರಿಗೆ ಜ್ವಾಲಾಮುಖಿಯಷ್ಟೇ ಅಪಾಯ ಒಡ್ಡುವ ಇನ್ನೊಂದು ವಸ್ತು ಅವರ ಕೈಯಲ್ಲೇ ಇರುತ್ತದೆ: ವಾಪಸ್ ಹೋಗುವ ಟಿಕೆಟ್ಟು. ನಾಳೆ ಬೆಳಿಗ್ಗೆ ವಿಮಾನ, ಇವತ್ತು ಬಿಟ್ಟರೆ ಇಲ್ಲ ಎಂದು ಮನಸ್ಸಿಗೆ ಬಂತೆಂದರೆ ಮಂಜು ಕವಿದಿದ್ದರೂ, ಗಾಳಿ ನಮ್ಮ ಕಡೆಗೇ ಹೊಗೆ ತರುತ್ತಿದ್ದರೂ ಕಾಲು ಮುಂದಕ್ಕೇ ಹೋಗುತ್ತದೆ. ನಾನೂ ಒಮ್ಮೆ ಹಾಗೆ ಹೋಗಿದ್ದೇನೆ. ಪ್ರವಾಸದ ಕೊನೆಯ ದಿನ, ಗಂಧಕದ ಹೊಗೆ ದಾರಿಗೆ ಅಡ್ಡ ಬಂದಿತ್ತು. ಮಾರ್ಗದರ್ಶಿ ಕಾಯೋಣ ಎಂದ, ನಾನು ಕಾಯಲು ಹೊತ್ತಿಲ್ಲ ಎಂದೆ. ಹತ್ತು ಹೆಜ್ಜೆ ಇಡುವುದರೊಳಗೆ ಕಣ್ಣು ತೆರೆಯಲಾಗದೆ, ಉಸಿರು ಎಳೆಯಲಾಗದೆ ಅವನ ಕೈಹಿಡಿದು ಹಿಂದಕ್ಕೆ ಬಂದೆ. ಬೆಟ್ಟದ್ದು ಏನೂ ತಪ್ಪಿರಲಿಲ್ಲ.

ಹಾಗಾಗಿ ಬೆಟ್ಟವನ್ನು ಪ್ರವಾಸದ ಮೊದಲ ಭಾಗದಲ್ಲಿಡಿ, ಮಾರನೆಯ ದಿನವನ್ನು ಖಾಲಿ ಬಿಡಿ. ಮೊದಲ ದಿನ ಕೆಲಸವಾದರೆ ಖಾಲಿ ದಿನ ವಿಶ್ರಾಂತಿಗೆ. ಆಗದಿದ್ದರೆ ಎರಡನೆಯ ಅವಕಾಶ ಕೈಯಲ್ಲಿರುತ್ತದೆ, ಇವತ್ತು ಬೇಡ ಎನ್ನಲು ಧೈರ್ಯ ಬರುತ್ತದೆ.

ಗೈಡ್ ಬೇಕೇಬೇಕಾ? ಫೋನಲ್ಲಿ ಮ್ಯಾಪ್ ಇದೆಯಲ್ಲ.

ಕೆಲವು ಕಡೆ ಕಾನೂನೇ ಕೇಳುತ್ತದೆ. ಸ್ಟ್ರಾಂಬೋಲಿಯ ಎತ್ತರ 924 ಮೀಟರ್. 2019ರ ದೊಡ್ಡ ಸ್ಫೋಟದ ನಂತರ ತುದಿಯವರೆಗೆ ಬಿಡುವುದನ್ನು ನಿಲ್ಲಿಸಿ, ಮಾರ್ಗದರ್ಶಿಯ ಜೊತೆಗಾದರೂ 400 ಮೀಟರ್ ಎತ್ತರವೇ ಮಿತಿ ಎಂದು ಮಾಡಿದರು. ಇಟಲಿಯದೇ ಆದ ಎಟ್ನಾದ ಮೇಲ್ಭಾಗದ ಕುಳಿಗಳಿಗೂ ಪರವಾನಗಿ ಪಡೆದ ಮಾರ್ಗದರ್ಶಿಯೊಡನೆಯೇ ಹೋಗಬೇಕು, ಅದೂ ಬೆಟ್ಟ ಶಾಂತವಾಗಿದ್ದಾಗ. ನಿಯಮಗಳು ಬೆಟ್ಟದ ಮನಸ್ಥಿತಿಯಂತೆ ಬದಲಾಗುತ್ತವೆ, ಹೋಗುವ ವಾರದಲ್ಲಿ ಮತ್ತೆ ವಿಚಾರಿಸಿ.

ಕಾನೂನು ಕೇಳದ ಕಡೆಯೂ ನಾನು ಕರೆದುಕೊಂಡೇ ಹೋಗುತ್ತೇನೆ. ಫೋನಿನ ನಕ್ಷೆ ದಾರಿ ತೋರಿಸುತ್ತದೆ, ಇವತ್ತಿನ ಗಾಳಿ ಯಾವ ಕಡೆಗೆ, ನಿನ್ನೆಗಿಂತ ಇವತ್ತು ಹಬೆ ಏಕೆ ಜಾಸ್ತಿ ಎಂದು ಹೇಳಲಾರದು. ಗೊತ್ತುಮಾಡುವಾಗ ಒಂದು ಪ್ರಶ್ನೆ ಕೇಳಿ: "ನೀವು ಕೊನೆಯ ಸಲ ಜನರನ್ನು ಅರ್ಧದಲ್ಲೇ ವಾಪಸ್ ಕರೆತಂದದ್ದು ಯಾವಾಗ?" ಅದಕ್ಕೆ ಉತ್ತರ ಇಟ್ಟುಕೊಂಡಿರುವವನ ಜೊತೆ ಹೋಗಿ. ಏನೂ ಆಗಲ್ಲ ಬನ್ನಿ ಎನ್ನುವವನನ್ನು ಬಿಟ್ಟುಬಿಡಿ.

## ಅಪಾಯದ ಬಗ್ಗೆ

ಅಪಾಯ ಇದ್ರೆ ಅವರೇ ಮುಚ್ಚಿಬಿಡ್ತಾರೆ ಅಲ್ವಾ? ಟಿಕೆಟ್ ಕೊಡ್ತಿದ್ದಾರೆ ಅಂದ್ರೆ ಸುರಕ್ಷಿತ ಅಂತ ತಾನೆ?

ಈ ನಂಬಿಕೆಯಿಂದಲೇ ಜನ ಸತ್ತಿದ್ದಾರೆ. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

2014ರ ಸೆಪ್ಟೆಂಬರ್ 27, ಶನಿವಾರ. ಜಪಾನಿನ ಓಂಟಾಕೆ ಬೆಟ್ಟದಲ್ಲಿ ಎಲೆಗಳು ಕೆಂಪಾಗುವ ಕಾಲ, ಆಕಾಶ ತಿಳಿ. ತುದಿಯಲ್ಲಿ ಜನ ಬುತ್ತಿ ಬಿಚ್ಚುವ ಹೊತ್ತು. 11 ಗಂಟೆ 52 ನಿಮಿಷಕ್ಕೆ ಬೆಟ್ಟ ಸಿಡಿಯಿತು. ಸತ್ತವರು ಮತ್ತು ಸಿಗದೇ ಹೋದವರು ಸೇರಿ 63 ಮಂದಿ. ಆ ಕ್ಷಣದಲ್ಲಿ ಎಚ್ಚರಿಕೆಯ ಮಟ್ಟ ಐದರಲ್ಲಿ ಒಂದು, ಎಂದರೆ ಎಲ್ಲಕ್ಕಿಂತ ಕೆಳಗಿನದು. ಆಗ ಆ ಮಟ್ಟಕ್ಕೆ ಕೊಟ್ಟಿದ್ದ ಹೆಸರು "ಸಾಮಾನ್ಯ". ಮರುವರ್ಷ ಜಪಾನಿನ ಹವಾಮಾನ ಇಲಾಖೆ ಆ ಪದವನ್ನೇ ತೆಗೆದು, "ಇದು ಸಕ್ರಿಯ ಜ್ವಾಲಾಮುಖಿ ಎಂಬುದು ಗಮನದಲ್ಲಿರಲಿ" ಎಂಬ ಅರ್ಥದ ಮಾತನ್ನು ಇಟ್ಟಿತು. ಒಂದು ಪದದ ಬೆಲೆ ಎಷ್ಟೆಂದು ಅವರಿಗೆ ತಿಳಿದಿತ್ತು.

2019ರ ಡಿಸೆಂಬರ್ 9ರ ಮಧ್ಯಾಹ್ನ ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 47 ಜನರಿದ್ದರು, ಪ್ರವಾಸಿಗರು ಮತ್ತು ಅವರ ಮಾರ್ಗದರ್ಶಿಗಳು. 2 ಗಂಟೆ 11 ನಿಮಿಷಕ್ಕೆ ಕುಳಿ ಸ್ಫೋಟಿಸಿತು. 22 ಮಂದಿ ತೀರಿಕೊಂಡರು, ಬದುಕುಳಿದ ಹಲವರಿಗೆ ಭೀಕರ ಸುಟ್ಟಗಾಯ. ಅಲ್ಲಿನ ಎಚ್ಚರಿಕೆಯ ಮಟ್ಟವನ್ನು ಮೂರು ವಾರ ಮುಂಚೆಯೇ ಒಂದರಿಂದ ಎರಡಕ್ಕೆ ಏರಿಸಿದ್ದರು. ಪ್ರವಾಸ ಮಾತ್ರ ನಡೆಯುತ್ತಲೇ ಇತ್ತು. 2023ರ ಡಿಸೆಂಬರ್ 3ರಂದು ಸುಮಾತ್ರಾದ ಮರಾಪಿಯಲ್ಲಿ 24 ಚಾರಣಿಗರು ಸತ್ತರು. ಕುಳಿಯಿಂದ ಮೂರು ಕಿಲೋಮೀಟರ್ ಒಳಗೆ ಹೋಗಬೇಡಿ ಎಂಬ ಸಲಹೆ ಆಗ ಜಾರಿಯಲ್ಲಿತ್ತು, ಚಾರಣದ ದಾರಿಯೂ ತೆರೆದಿತ್ತು.

ಓಂಟಾಕೆ ಮತ್ತು ವಕಾರಿಯಂಥವನ್ನು ಹಬೆ ಸ್ಫೋಟ ಎನ್ನಬಹುದು. ಹೊಸ ಶಿಲಾಪಾಕ ಮೇಲಕ್ಕೆ ಬರಬೇಕೆಂದೇನಿಲ್ಲ. ಬೆಟ್ಟದೊಳಗೆ ಇಂಗಿದ ನೀರು ಕುದಿದು, ಹೊರದಾರಿ ಕಟ್ಟಿಕೊಂಡರೆ, ಮುಚ್ಚಳ ಬಿಗಿದ ಪಾತ್ರೆಯಂತೆ ಒಮ್ಮೆಲೇ ಸಿಡಿಯುತ್ತದೆ. ಶಿಲಾಪಾಕ ಏರುವಾಗ ನೆಲ ಉಬ್ಬುತ್ತದೆ, ಸಣ್ಣ ಕಂಪನಗಳು ದಿನಗಟ್ಟಲೆ ಬರುತ್ತವೆ, ಯಂತ್ರಗಳು ಹಿಡಿಯುತ್ತವೆ. ಹಬೆ ಸ್ಫೋಟ ಕೆಲವೇ ನಿಮಿಷಗಳ ಸೂಚನೆ ಕೊಟ್ಟರೆ ಹೆಚ್ಚು. ದಾರಿ ತೆರೆದಿದೆ ಎಂದರೆ "ನಮಗೆ ಸದ್ಯ ಏನೂ ಕಂಡಿಲ್ಲ" ಎಂದು ಓದಿಕೊಳ್ಳಿ.

ಎಚ್ಚರಿಕೆ ಮಟ್ಟ ಅಂದ್ರೇನು? ಎಲ್ಲಿ ನೋಡೋದು?

ದೇಶಕ್ಕೊಂದು ಪದ್ಧತಿ. ಜಪಾನಿನಲ್ಲಿ 1ರಿಂದ 5, ನ್ಯೂಜಿಲೆಂಡಿನಲ್ಲಿ 0ಯಿಂದ 5. ಇಂಡೋನೇಷ್ಯಾದಲ್ಲಿ ನಾಲ್ಕು ಮೆಟ್ಟಿಲು: ನಾರ್ಮಲ್, ವಸ್ಪಾದ, ಸಿಯಾಗ, ಅವಾಸ್. ಇಟಲಿ ಮತ್ತು ಅಮೆರಿಕ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಬಳಸುತ್ತವೆ, ಆದರೆ ಅಮೆರಿಕದ ಬಣ್ಣ ವಿಮಾನಗಳಿಗಾಗಿ. ನೆಲದ ಮೇಲಿರುವವರಿಗೆ ಅಲ್ಲಿ ಬೇರೆ ಪದಗಳಿವೆ. ಹಾಗಾಗಿ ಒಂದು ದೇಶದ "ಎರಡ"ನ್ನು ಇನ್ನೊಂದು ದೇಶದ "ಎರಡ"ಕ್ಕೆ ಹೋಲಿಸಬೇಡಿ.

ನೋಡಬೇಕಾದ್ದು ಆಯಾ ದೇಶದ ಸರ್ಕಾರಿ ವೀಕ್ಷಣಾಲಯದ ಪುಟವನ್ನು. ಅಮೆರಿಕದಲ್ಲಿ ಭೂವೈಜ್ಞಾನಿಕ ಸಮೀಕ್ಷೆ (ಯುಎಸ್‌ಜಿಎಸ್), ಇಟಲಿಯಲ್ಲಿ ಐಎನ್‌ಜಿವಿ, ನ್ಯೂಜಿಲೆಂಡಿನಲ್ಲಿ ಜಿಯೋನೆಟ್, ಇಂಡೋನೇಷ್ಯಾದಲ್ಲಿ ಪಿವಿಎಂಬಿಜಿ, ಐಸ್‌ಲ್ಯಾಂಡ್ ಮತ್ತು ಜಪಾನಿನಲ್ಲಿ ಹವಾಮಾನ ಇಲಾಖೆ. ಅಂಕಿಯನ್ನು ಮಾತ್ರ ನೋಡಿ ಪುಟ ಮುಚ್ಚಬೇಡಿ. ಕೆಳಗೆ ಎಷ್ಟು ದೂರ ಇರಬೇಕು ಎಂದು ಬರೆದಿರುತ್ತಾರೆ, ಮತ್ತು ಕಳೆದ ಒಂದೆರಡು ವಾರದಲ್ಲಿ ಏನು ಬದಲಾಗಿದೆ ಎಂದು ಬರೆದಿರುತ್ತಾರೆ. ನನಗೆ ಮಟ್ಟಕ್ಕಿಂತ ಆ ಬದಲಾವಣೆ ಮುಖ್ಯ. ಈಚೆಗೆ ಏರಿದ ಎರಡು, ವರ್ಷಗಳಿಂದ ಹಾಗೇ ಇರುವ ಎರಡಕ್ಕಿಂತ ಹೆಚ್ಚು ಹೆದರಿಸಬೇಕು.

ಇಷ್ಟೆಲ್ಲ ಓದಿದ ಮೇಲೆ ಹೋಗಲೇಬಾರದು ಅನ್ಸುತ್ತೆ. ನೀವ್ಯಾಕೆ ಹೋಗ್ತೀರಾ?

ಭೂಮಿ ಇನ್ನೂ ತಯಾರಾಗುತ್ತಿರುವುದನ್ನು ನೋಡಲು ಇರುವ ಜಾಗ ಇದೊಂದೇ ಎಂದು. ಲೆಕ್ಕ ಹಾಕಿಯೇ ಹೋಗುತ್ತೇನೆ. ಸ್ಫೋಟ ಯಾವ ಕ್ಷಣದಲ್ಲಿ ಬರುತ್ತದೆಂದು ಹೇಳಲಾಗದಿದ್ದರೂ, ನಾನು ಕುಳಿಯ ಬಾಯಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದು ನನ್ನ ಕೈಯಲ್ಲಿದೆ. ಅಂಚಿನಲ್ಲಿ ಎರಡು ಗಂಟೆ ಕಳೆಯುವವನಿಗಿಂತ ಹದಿನೈದು ನಿಮಿಷ ನಿಲ್ಲುವವನ ಅಪಾಯ ಎಂಟನೇ ಒಂದು ಪಾಲು. ಬುತ್ತಿ ಬಿಚ್ಚುವುದು, ಹರಟೆ, ಗುಂಪು ಫೋಟೋ ಎಲ್ಲ ಕೆಳಗೆ ಬಂದ ಮೇಲೆ. ಮೇಲೆ ನಿಂತಷ್ಟು ಹೊತ್ತು ನೋಡುವುದೊಂದೇ ಕೆಲಸ.

ಎಲ್ಲ ಬೆಟ್ಟವನ್ನೂ ಹತ್ತಬೇಕೆಂದೂ ಇಲ್ಲ. ಸ್ಟ್ರಾಂಬೋಲಿಯನ್ನು ದೋಣಿಯಿಂದ, ಅಂಡಮಾನ್ ಸಮುದ್ರದ ಬ್ಯಾರೆನ್ ದ್ವೀಪವನ್ನು ಹಡಗಿನಿಂದ ನೋಡುತ್ತಾರೆ. ದೂರದಿಂದಲೇ ಇಡೀ ಆಕಾರ ಕಣ್ಣಿಗೆ ಬೀಳುವುದು.

ಕೊಳೆತ ಮೊಟ್ಟೆ ವಾಸನೆ ಬಂದ್ರೆ ಓಡಬೇಕಾ? ಮಾಸ್ಕ್ ಹಾಕಿದ್ರೆ ಸಾಕಾ?

ಆ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಅತ್ಯಲ್ಪ ಪ್ರಮಾಣದಲ್ಲೂ ಮೂಗಿಗೆ ತಿಳಿಯುತ್ತದೆ, ಅಷ್ಟಕ್ಕೆ ಹೆದರಬೇಕಿಲ್ಲ. ಪ್ರಮಾಣ ವಿಪರೀತ ಏರಿದರೆ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಗಾಢವಾಗಿದ್ದ ವಾಸನೆ ಇದ್ದಕ್ಕಿದ್ದಂತೆ ನಿಂತಿತೆಂದರೆ ಗಾಳಿ ಶುದ್ಧವಾಯಿತೆಂದು ನಿಲ್ಲಬೇಡಿ, ಹೊರಡಿ. ಗಂಟಲು ಕೆರೆದು ಕಣ್ಣು ಉರಿಸುವುದು ಗಂಧಕದ ಡೈಆಕ್ಸೈಡ್. ಇದು ತಾನಾಗಿಯೇ ನಿಮ್ಮನ್ನು ಓಡಿಸುತ್ತದೆ.

ಮೋಸಗಾರ ಎಂದರೆ ಇಂಗಾಲದ ಡೈಆಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. 1986ರಲ್ಲಿ ಕ್ಯಾಮರೂನಿನ ನ್ಯೋಸ್ ಎಂಬ ಕುಳಿ ಸರೋವರದಿಂದ ಒಮ್ಮೆಲೇ ಹೊರಬಂದ ಈ ಅನಿಲ ಸುಮಾರು 1,700 ಜನರ ಉಸಿರು ನಿಲ್ಲಿಸಿತು. ಆದ್ದರಿಂದ ಗಾಳಿಯಾಡದ ಹೊಂಡಕ್ಕೆ ಇಳಿಯಬೇಡಿ, ಬಿದ್ದ ವಸ್ತು ಎತ್ತಿಕೊಳ್ಳಲೂ ಇಳಿಯಬೇಡಿ. ಬೇಲಿ ದಾಟಬೇಡಿ. 2017ರಲ್ಲಿ ಇಟಲಿಯ ಪೊಟ್ಸುವೋಲಿಯ ಸೋಲ್ಫತಾರಾದಲ್ಲಿ ಒಂದೇ ಕುಟುಂಬದ ಮೂವರು ಹೊಂಡವೊಂದರಲ್ಲಿ ಸಿಕ್ಕಿ ಪ್ರಾಣ ಬಿಟ್ಟರು.

ಮಾಸ್ಕಿನ ಬಗ್ಗೆ: ಎನ್-95 ಬೂದಿಯನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಅನಿಲಕ್ಕೆ ಆಮ್ಲ ಅನಿಲ ಸೋಸುವ ಡಬ್ಬಿ ಕೂಡಿಸಿದ ರಬ್ಬರ್ ಮುಖವಾಡವೇ ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂರಬೇಕು. ಅದು ಕೂಡ ಇಂಗಾಲದ ಡೈಆಕ್ಸೈಡಿಗೆ ಉಪಯೋಗವಿಲ್ಲ. ಯಾವ ಮಾಸ್ಕಿಗಿಂತಲೂ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಕುಳಿಯನ್ನು ನೋಡುವುದು ಮೇಲು.

ನನಗೆ ಉಬ್ಬಸ ಇದೆ. ಜೊತೆಗೆ ನಾಲ್ಕು ವರ್ಷದ ಮಗಳು. ಹೋಗಬಹುದಾ?

ಹೊಗೆಯಾಡುವ ಕುಳಿಗೆ ಇಬ್ಬರೂ ಬೇಡ. ಗಂಧಕದ ಡೈಆಕ್ಸೈಡ್ ಆರೋಗ್ಯವಂತರಿಗೆ ಕೆಮ್ಮು ತರಿಸುವ ಪ್ರಮಾಣದಲ್ಲಿ ಉಬ್ಬಸದವರ ಶ್ವಾಸನಾಳವನ್ನು ಬಿಗಿದುಬಿಡಬಲ್ಲದು. ಪುಟ್ಟ ಮಕ್ಕಳ ಮುಖಕ್ಕೆ ಅನಿಲದ ಮುಖವಾಡ ಸರಿಯಾಗಿ ಕೂರುವುದಿಲ್ಲ, ಅವರು ನೆಲಕ್ಕೆ ಹತ್ತಿರವೂ ಇರುತ್ತಾರೆ. ಗರ್ಭಿಣಿಯರಿಗೆ, ಹೃದಯದ ತೊಂದರೆ ಇದ್ದವರಿಗೆ ಇದೇ ಮಾತು. ತಣ್ಣಗಿರುವ ಕುಳಿ, ಲಾವಾ ಸುರಂಗ, ಹಳೆಯ ಲಾವಾ ಬಯಲು ಇವೆಲ್ಲ ಮಗಳಿಗೆ ಸಾಕಷ್ಟು ಅಚ್ಚರಿ ಕೊಡುತ್ತವೆ.

## ಬೆಟ್ಟದ ಮೇಲೆ

ಏನು ಹಾಕ್ಕೊಂಡು ಹೋಗ್ಬೇಕು?

ಗಟ್ಟಿ ತಳದ, ಪಾದದ ಗಂಟು ಮುಚ್ಚುವ ಬೂಟು. ಹೊಸ ಲಾವಾ ಕಲ್ಲು ಒಡೆದ ಗಾಜಿನಷ್ಟೇ ಹರಿತ, ಎಡವಿ ಅಂಗೈ ಊರಿದರೆ ಚರ್ಮ ಕಿತ್ತುಬರುತ್ತದೆ. ಅದಕ್ಕೇ ಉದ್ದ ಪ್ಯಾಂಟು ಮತ್ತು ಕೈಗವಸು. ಕಾಂಟ್ಯಾಕ್ಟ್ ಲೆನ್ಸ್ ಬೇಡ, ಬೂದಿ ಒಳಗೆ ಸಿಕ್ಕಿ ಕಣ್ಣು ಗೀರುತ್ತದೆ. ಕನ್ನಡಕ ಹಾಕಿ. ಸಿಡಿಯುವ ಬೆಟ್ಟಗಳಲ್ಲಿ ಹೆಲ್ಮೆಟ್. ಸೂರ್ಯೋದಯಕ್ಕೆ ಹೊರಡುವುದಾದರೆ ತಲೆಗೆ ಕಟ್ಟುವ ಟಾರ್ಚು, ಗಾಳಿ ತಡೆಯುವ ದಪ್ಪ ಅಂಗಿ. ಬೆಂಕಿಯ ಬೆಟ್ಟಕ್ಕೆ ಹೋಗುತ್ತಿದ್ದೇವೆಂದು ತೆಳು ಬಟ್ಟೆಯಲ್ಲಿ ಬಂದು ನಡುಗುವವರನ್ನು ಪ್ರತಿಸಲವೂ ನೋಡುತ್ತೇನೆ.

ಎತ್ತರಕ್ಕೆ ತಲೆನೋವು ಬರುತ್ತೆ ಅಂತಾರೆ, ನಿಜವಾ?

2,500 ಮೀಟರ್ ದಾಟಿದ ಮೇಲೆ ಬರಬಹುದು. ಅಕಾಟೆನಾಂಗೋ 3,976 ಮೀಟರ್, ಕಿಲಿಮಂಜಾರೋ 5,895. ತಲೆನೋವಿನ ಜೊತೆ ವಾಕರಿಕೆ, ತೂರಾಟ ಬಂದರೆ ಅದಕ್ಕೆ ಮದ್ದು ಕೆಳಗಿಳಿಯುವುದು. ಕೇಬಲ್ ಕಾರಿನಲ್ಲಿ ಸಮುದ್ರಮಟ್ಟದಿಂದ ನೇರ ಮೇಲಕ್ಕೆ ಹೋದವರಿಗೆ ಇದು ಬೇಗ ತಟ್ಟುತ್ತದೆ.

ಇಜೆನ್‌ನಲ್ಲಿ ನೀಲಿ ಲಾವಾ ಹರಿಯುತ್ತಂತೆ. ಫೋಟೋ ತಿದ್ದಿದ್ದಾ?

ಫೋಟೋ ನಿಜ, ಲಾವಾ ಎನ್ನುವುದು ತಪ್ಪು. ಪೂರ್ವ ಜಾವಾದ ಇಜೆನ್ ಕುಳಿಯಲ್ಲಿ ಬಿರುಕುಗಳಿಂದ ಕಾದ ಗಂಧಕದ ಅನಿಲ ಹೊರಗೆ ನುಗ್ಗಿ ಗಾಳಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಗಂಧಕ ಉರಿಯುವ ಬಣ್ಣ ನೀಲಿ. ಒಂದಿಷ್ಟು ಕರಗಿದ ಗಂಧಕವೂ ಉರಿಯುತ್ತಲೇ ಇಳಿಜಾರಿನಲ್ಲಿ ಹರಿಯುವುದರಿಂದ ಲಾವಾದಂತೆ ಕಾಣುತ್ತದೆ. ಬೆಳಕು ಹರಿದರೆ ಕಾಣದು, ಆದ್ದರಿಂದ ನಡುರಾತ್ರಿ ಹೊರಡುತ್ತಾರೆ. ಬೆಳಗಾದ ಮೇಲೆ ಕೆಳಗೆ ತಿಳಿ ಹಸಿರುನೀಲಿಯ ಸರೋವರ ಕಾಣಿಸುತ್ತದೆ. ಅದು ತೀಕ್ಷ್ಣ ಆಮ್ಲ.

ಅದೇ ಕಿರುದಾರಿಯಲ್ಲಿ ಗಂಧಕ ಹೊರುವವರು ಎದುರಾಗುತ್ತಾರೆ. ಎರಡು ಬುಟ್ಟಿಯಲ್ಲಿ 70ರಿಂದ 90 ಕಿಲೋ, ಹೆಗಲ ಮೇಲೆ ಬಿದಿರ ಅಡ್ಡೆ. ಅವರು ಬರುವಾಗ ಬೆಟ್ಟದ ಕಡೆಗೆ ಸರಿದು ದಾರಿ ಬಿಡಿ. ಹೊರೆ ಹೊತ್ತವನನ್ನು ಚಿತ್ರಕ್ಕಾಗಿ ನಿಲ್ಲಿಸಬೇಡಿ, ನಿಂತರೆ ಆ ಭಾರವನ್ನು ಮತ್ತೆ ನಡೆಸುವುದೇ ಕಷ್ಟ. ಅವನು ಅಡ್ಡೆ ಇಳಿಸಿ ಕೂತಾಗ ಕೇಳಿ, ಒಪ್ಪಿದರೆ ತೆಗೆಯಿರಿ. ನಾವು ಮುಖವಾಡ ಹಾಕಿ ಹತ್ತು ನಿಮಿಷ ನಿಲ್ಲುವ ಹೊಗೆಯಲ್ಲಿ ಅವರ ದಿನವೆಲ್ಲ ಕಳೆಯುತ್ತದೆ.

ಲಾವಾ ನಿಧಾನವಾಗಿ ಹರಿಯುತ್ತಲ್ಲ, ಹತ್ತಿರ ಹೋದ್ರೆ ಏನಾಗುತ್ತೆ?

ಹರಿವಿನ ಮುಂತುದಿ ನಿಧಾನವೇ. ಅದರ ಉಷ್ಣತೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಮುಖಕ್ಕೆ ಬಡಿಯುವ ಝಳವೇ ನಿಮ್ಮನ್ನು ದೂರ ಇಡುತ್ತದೆ. ತೊಂದರೆ ಬರುವುದು ನೀವು ನೋಡದ ಕಡೆಯಿಂದ. ಮೇಲೆ ಕಪ್ಪಗೆ ಗಟ್ಟಿಯಾದ ಹೊದಿಕೆಯ ಕೆಳಗೆ ಇನ್ನೂ ದ್ರವ ಇರುತ್ತದೆ, ಬದಿಯಿಂದ ಹೊಸ ನಾಲಿಗೆ ಹೊರಟು ವಾಪಸ್ ಬರುವ ದಾರಿ ಮುಚ್ಚಬಹುದು. ಐಸ್‌ಲ್ಯಾಂಡಿನ ಫಾಗ್ರದಾಲ್ಸ್‌ಫ್ಯಾಟ್ಲ್‌ನಲ್ಲಿ 2021ರ ಏಪ್ರಿಲ್ 5ರಂದು ಮೊದಲ ಬಾಯಿಯಿಂದ ಸುಮಾರು 700 ಮೀಟರ್ ಆಚೆ ಹೊಸ ಬಿರುಕು ತೆರೆಯಿತು, ಜನರನ್ನು ತೆರವುಗೊಳಿಸಬೇಕಾಯಿತು.

ಸಮುದ್ರಕ್ಕೆ ಬೀಳುವ ಲಾವಾ ಇನ್ನೂ ಕಷ್ಟ. ಅದು ಕಟ್ಟುವ ಹೊಸ ನೆಲ ಸಡಿಲ ಕಲ್ಲಿನ ಮೇಲೆ ಕೂತಿರುತ್ತದೆ. ಹವಾಯಿಯಲ್ಲಿ 2016ರ ಡಿಸೆಂಬರ್ 31ರಂದು ಅಂಥ ನೆಲ ಸುಮಾರು 10 ಹೆಕ್ಟೇರ್ ಒಂದೇ ದಿನ ಕುಸಿದು ಸಮುದ್ರ ಸೇರಿತು. ಅಲ್ಲಿ ಏಳುವ ಬಿಳಿ ಹಬೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಗಾಜಿನ ಚೂರು ಬೆರೆತಿರುತ್ತದೆ. 2018ರ ಜುಲೈ 16ರಂದು ಅಲ್ಲೇ ಪ್ರವಾಸಿ ದೋಣಿಯ ಚಾವಣಿ ತೂರಿ ಲಾವಾ ಬಂಡೆ ಬಿದ್ದು 23 ಜನ ಗಾಯಗೊಂಡರು.

ನೆನಪಿಗೆ ಒಂದು ಕಲ್ಲು ತರಬಹುದಾ? ಡ್ರೋನ್ ಹಾರಿಸಬಹುದಾ?

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಎರಡೂ ನಿಷಿದ್ಧ, ಬೇರೆ ಹಲವು ಕಡೆಯೂ ಹಾಗೆಯೇ. ಕಲ್ಲಿನ ವಿಷಯದಲ್ಲಿ ಕಾನೂನಿಗಿಂತ ದೊಡ್ಡ ಕಾರಣ ಇದೆ. ಹವಾಯಿಯವರಿಗೆ ಕಿಲಾವೆಯಾ ಪೆಲೆ ದೇವಿಯ ಮನೆ. ಬ್ರೋಮೋದ ಬಾಯಿಗೆ ಅಲ್ಲಿನ ತೆಂಗೆರ್ ಜನ "ಯದ್ನ್ಯಾ ಕಸಾದ" ಎಂಬ ಹಬ್ಬದಂದು ಬೆಳೆ, ಪ್ರಾಣಿಗಳನ್ನು ಅರ್ಪಿಸುತ್ತಾರೆ. ನ್ಯೂಜಿಲೆಂಡಿನ ಟೊಂಗಾರಿರೋದ ಶಿಖರಗಳು ಅಲ್ಲಿನ ಮಾವೊರಿಗಳಿಗೆ ಪೂರ್ವಜರು. ಬೇರೆಯವರ ದೇವರ ಮನೆಯಿಂದ ಸಾಮಾನು ಎತ್ತಿಕೊಂಡು ಬರುವುದಿಲ್ಲವಲ್ಲ, ಇದೂ ಹಾಗೆ.

## ಕಷ್ಟದ ಪ್ರಶ್ನೆಗಳು

ನಾವು ಮೇಲಿರುವಾಗಲೇ ಸಿಡಿದರೆ ಏನು ಮಾಡೋದು?

ಫೋನ್ ಎತ್ತಬೇಡಿ. ಓಂಟಾಕೆಯಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಮೇಲಿಂದ ಬಿದ್ದ ಕಲ್ಲುಗಳು, ಬದುಕಿದವರಲ್ಲಿ ಹಲವರು ಬೆಟ್ಟದ ಗುಡಿಸಲುಗಳಿಗೆ ನುಗ್ಗಿದವರು. ಮೊದಲ ಕೆಲವು ಸೆಕೆಂಡುಗಳು ಆಸರೆ ಹುಡುಕಲು.

ಕಲ್ಲು ಬೀಳುತ್ತಿದ್ದರೆ ಕುಳಿಗೆ ಬೆನ್ನು ಹಾಕಿ ಕಣ್ಣುಮುಚ್ಚಿ ಓಡಬೇಡಿ. ಸಣ್ಣ ಸಿಡಿತವಾದರೆ ಮೇಲೆ ನೋಡಿ, ಬರುವ ಕಲ್ಲಿನ ದಾರಿಯಿಂದ ಪಕ್ಕಕ್ಕೆ ಸರಿಯಬಹುದು. ದಟ್ಟವಾಗಿ ಬೀಳುತ್ತಿದ್ದರೆ ದೊಡ್ಡ ಬಂಡೆಯ ಮರೆಗೆ ಕುಗ್ಗಿ ಕೂತು ಚೀಲವನ್ನು ತಲೆ ಮತ್ತು ಕತ್ತಿನ ಮೇಲೆ ಹಿಡಿಯಿರಿ. ಸುರಿತ ಕಡಿಮೆಯಾದೊಡನೆ ಕೆಳಕ್ಕೆ ಹೊರಡಿ. ಕಣಿವೆ ಹಿಡಿಯಬೇಡಿ, ಎತ್ತರದ ಏಣು ಹಿಡಿಯಿರಿ. ಬಿಸಿ ಬೂದಿಯ ಪ್ರವಾಹವೂ ಕೆಸರಿನ ಪ್ರವಾಹವೂ ಕಣಿವೆಯನ್ನೇ ಹುಡುಕಿಕೊಂಡು ಬರುತ್ತವೆ. ಮೂಗು ಬಾಯಿಗೆ ಬಟ್ಟೆ.

ನೆಲಕ್ಕೆ ಅಂಟಿಕೊಂಡು ಉರುಳಿ ಬರುವ ಬೂದಿಮೋಡ ಗಂಟೆಗೆ ನೂರಾರು ಕಿಲೋಮೀಟರ್ ವೇಗದ್ದು, ನೂರಾರು ಡಿಗ್ರಿ ಬಿಸಿಯದು. 1991ರ ಜೂನ್ 3ರಂದು ಜಪಾನಿನ ಉನ್ಜೆನ್‌ನಲ್ಲಿ ಅದು ಕೊಂದ 43 ಜನರಲ್ಲಿ ಕಾತ್ಯಾ ಮತ್ತು ಮೊರೀಸ್ ಕ್ರಾಫ್ಟ್ ದಂಪತಿ, ಹ್ಯಾರಿ ಗ್ಲಿಕೆನ್ ಇದ್ದರು, ಮೂವರೂ ಜ್ವಾಲಾಮುಖಿ ಬಲ್ಲವರು. ಅದು ತಲುಪಿದ ಮೇಲೆ ಮಾಡುವಂಥದ್ದು ಏನೂ ಇಲ್ಲ. 2025ರ ಜೂನ್ 2ರಂದು ಎಟ್ನಾದಲ್ಲಿ ಇಂಥ ಮೋಡ ಇಳಿದಾಗ ಪ್ರವಾಸಿಗರು ಓಡಿ ಉಳಿದರು, ಏಕೆಂದರೆ ಅವರು ದೂರದಲ್ಲಿದ್ದರು.

ಬೂದಿಯಿಂದ ವಿಮಾನ ಯಾಕೆ ರದ್ದು ಮಾಡ್ತಾರೆ? ಮೋಡದ ಮೇಲೆ ಹಾರಬಾರದಾ?

ಜ್ವಾಲಾಮುಖಿಯ ಬೂದಿ ಕಟ್ಟಿಗೆಯ ಬೂದಿಯಂಥದ್ದಲ್ಲ, ಕಲ್ಲು ಮತ್ತು ಗಾಜಿನ ಸಣ್ಣ ಪುಡಿ. ಜೆಟ್ ಎಂಜಿನ್ನಿನ ಬಿಸಿಗೆ ಕರಗಿ, ಮುಂದೆ ಹೋಗಿ ಅಂಟಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. 1982ರ ಜೂನ್ 24ರ ರಾತ್ರಿ ಜಾವಾದ ಗಾಲುಂಗುಂಗ್‌ನ ಬೂದಿಗೆ ಸಿಕ್ಕಿದ ಬೋಯಿಂಗ್ 747ರ ನಾಲ್ಕೂ ಎಂಜಿನ್ ನಿಂತುಹೋದವು. ಕೆಳಕ್ಕೆ ತೇಲಿ ಬಂದ ಮೇಲೆ ಮತ್ತೆ ಹೊತ್ತಿಕೊಂಡು, ವಿಮಾನ ಜಕಾರ್ತಾದಲ್ಲಿ ಇಳಿಯಿತು. ಇಂದು ಜಗತ್ತಿನಾದ್ಯಂತ ಒಂಬತ್ತು ಕೇಂದ್ರಗಳು ಬೂದಿಮೋಡದ ಜಾಡು ಹಿಡಿಯುತ್ತವೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಎಯ್ಯಾಫ್ಯಾಟ್ಲಯೋಕುಟ್ಲ್ ಉಗುಳಿದಾಗ ಸುಮಾರು ಒಂದು ಲಕ್ಷ ವಿಮಾನಯಾನ ರದ್ದಾದವು.

ಆದ್ದರಿಂದ ದಿನನಿತ್ಯದ ಔಷಧವನ್ನು ನಾಲ್ಕೈದು ದಿನಕ್ಕೆ ಹೆಚ್ಚಿಗೆ ಒಯ್ಯಿರಿ. ವಿಮೆಯನ್ನು ಟಿಕೆಟ್ ಕೊಂಡ ದಿನವೇ ಮಾಡಿಸಿ, ಸ್ಫೋಟದ ಸುದ್ದಿ ಬಂದ ಮೇಲೆ ಕೊಂಡ ವಿಮೆ ಆ ಸ್ಫೋಟಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ನಿಷೇಧಿತ ವಲಯಕ್ಕೆ ಹೋದವರಿಗೂ ಹಣ ಸಿಗುವುದು ಅನುಮಾನ.

ಅಷ್ಟು ದೂರ ಹೋಗಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ದುಡ್ಡು ದಂಡ ಆಯ್ತು ಅಂತ ಬೇಜಾರು. ನಿಮಗೂ ಹೀಗಾಗಿದೆಯಾ?

ಆಗಿದೆ, ಒಂದಕ್ಕಿಂತ ಹೆಚ್ಚು ಸಲ. ಸ್ಟ್ರಾಂಬೋಲಿಯಲ್ಲಿ ಒಂದು ಸಂಜೆ ಮೋಡ ನಮ್ಮ ಮೇಲೆಯೇ ಕೂತಿತ್ತು. ಜೊತೆಗಿದ್ದವರಲ್ಲಿ ಅರ್ಧ ಜನ ಇಳಿದುಹೋದರು. ಉಳಿದವರು ಮಾರ್ಗದರ್ಶಿ ತೋರಿಸಿದ ಜಾಗದಲ್ಲಿ ಮಾತಿಲ್ಲದೆ ಕೂತೆವು. ಬಿಳಿಗತ್ತಲೆಯ ಒಳಗಿನಿಂದ ಮೊದಲು ಒಂದು ಉಸಿರೆಳೆತದ ಸದ್ದು, ಆಮೇಲೆ ಎದೆಗೂಡಿಗೆ ತಟ್ಟುವ ಗುಡುಗು, ಕೊನೆಗೆ ಬಲು ಹೊತ್ತಿನವರೆಗೆ ಇಳಿಜಾರಿನಲ್ಲಿ ಉರುಳುರುಳಿ ಸಮುದ್ರಕ್ಕೆ ಬೀಳುವ ಕಲ್ಲುಗಳ ಗಲಗಲ. ಮೋಡ ಒಂದು ಕ್ಷಣ ಒಳಗಿನಿಂದ ಕಿತ್ತಳೆಯಾಗಿ ಮತ್ತೆ ಬೂದಿಯಾಯಿತು. ಹದಿನೈದು ನಿಮಿಷದ ಮೇಲೆ ಇನ್ನೊಮ್ಮೆ. ಆ ಸಂಜೆ ನನ್ನ ಕ್ಯಾಮೆರಾದಲ್ಲಿ ಒಂದು ಚಿತ್ರವೂ ಇಲ್ಲ. ಮಾರನೆಯ ದಿನ ಖಾಲಿ ಇಟ್ಟುಕೊಂಡಿದ್ದೆ, ಮತ್ತೆ ಹತ್ತಿದೆ, ಆಕಾಶ ತಿಳಿಯಾಗಿತ್ತು.